ಖಂಡೆ ಪೂಜೆಗೆ ಕೂತ ಸೂಜಿ

ಆ ಮಹಾನವಮಿಯ ದಿನ ಏನೇನು ಕೆಡಬಹುದಿತ್ತು ಎಂದು ಈಗಲೂ ಹಲ್ಲುಜ್ಜುವಾಗ ಎಣಿಸುತ್ತಿರುತ್ತೇನೆ. ಸೂಜಿಯ ಡಬ್ಬಿ ಕಲಬುರಗಿಯ ಮನೆಯಲ್ಲೇ, ನೀರಿನ ಹರವಿಯ ಹಿಂದಿನ ಗೂಡಿನಲ್ಲಿ ಉಳಿದುಬಿಡಬಹುದಿತ್ತು. ಬಸ್ಸಿನ ಕಿಟಕಿಯ ಬಿಸಿಲಿಗೆ ಒಳಗಿನ ಔಷಧ ಕೆಟ್ಟು ಕಂದಿರಬಹುದಿತ್ತು. ಅದರ ಮೇಲೆ ಅಚ್ಚಾದ ಕಡೆಯ ತಿಂಗಳನ್ನು ನಾನು ತಪ್ಪಾಗಿ ಓದಿರಬಹುದಿತ್ತು. ಕನ್ನಡಕ ತೆಗೆದರೆ ನನಗೆ ಮೂರೂ ಎಂಟೂ ಒಂದೇ. ಗಾಬರಿಯಲ್ಲಿ ತಲೆಕೆಳಗಾಗಿ ಹಿಡಿದು ನನ್ನ ಹೆಬ್ಬೆರಳಿಗೇ ಚುಚ್ಚಿಕೊಳ್ಳಬಹುದಿತ್ತು. ಹಾಗೆ ಚುಚ್ಚಿಕೊಂಡವರೂ ಇದ್ದಾರೆಂದು ಡಾಕ್ಟರು ಹೇಳಿದ ದಿನದಿಂದ ನನ್ನ ಬಲಗೈ ಹೆಬ್ಬೆರಳು ಸುಮ್ಮಸುಮ್ಮನೆ ಜುಮ್ಮೆನ್ನುತ್ತದೆ. ಹಬ್ಬದ ದಿನವೆಂದು ಕಮಲಾಪುರದ ದವಾಖಾನೆಯಲ್ಲಿ ಡಾಕ್ಟರು ಇಲ್ಲದಿರಬಹುದಿತ್ತು. ಇದ್ದರೂ ಅಲ್ಲಿಯವರೆಗೆ ಹೋಗಲು ಗಾಡಿ ಹೊರಡದಿರಬಹುದಿತ್ತು. ಹೆಂಡತಿ ಉಸಿರು ಪೂರ್ತಿ ಕಟ್ಟುವವರೆಗೂ ‘ಏನೂ ಆಗಿಲ್ಲ’ ಎನ್ನುತ್ತ ಕೂತಿರಬಹುದಿತ್ತು, ಅದು ಆಕೆಯ ಹುಟ್ಟುಗುಣ. ಎಲ್ಲಕ್ಕಿಂತ ಮೇಲಾಗಿ, ನಮ್ಮ ಅತ್ತೆ ಪೂಜೆಗೆ ಇಟ್ಟದ್ದನ್ನು ಎತ್ತಲು ಬಿಡದಿರಬಹುದಿತ್ತು.

ಇಷ್ಟರಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆಯೇ, ನನ್ನ ಎಣಿಕೆಗೆ ಸಿಗದಷ್ಟು ಸಣ್ಣದು.

ನಾನು ಕಲಬುರಗಿ ಪಕ್ಕದ ಕಪನೂರಿನ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಕಾಳು ಪರೀಕ್ಷೆ ಮಾಡುವವನು. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಅಂಗೈಗೆ ಉದುರಿದ ಹಿಡಿ ಕಾಳಿನಲ್ಲಿ ಹುಳ, ಕಲ್ಲು, ತೇವ ಹುಡುಕುವುದು ನನ್ನ ಕೆಲಸ. ವರ್ಷಗಟ್ಟಲೆ ಒಳ್ಳೆಯ ಕಾಳಿನಲ್ಲಿ ಕೆಟ್ಟದ್ದನ್ನೇ ಹುಡುಕಿದವನಿಗೆ ಮನೆಗೆ ಬಂದ ಮೇಲೆ ಆ ಕಣ್ಣನ್ನು ಎಲ್ಲಿ ಕಳಚಿಡಬೇಕೋ ತಿಳಿಯುವುದಿಲ್ಲ. ಗ್ಯಾಸಿನ ಗುಂಡಿ ತಿರುಗಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ನೋಡಿದವನು ನಾನು. “ಮಿಲ್ಲಿನಾಗಿನ ಹುಳಾ ಹುಡುಕಾಕ ನಿಮಗ ಪಗಾರ ಕೊಡ್ತಾರ,” ಎನ್ನುತ್ತಾಳೆ ಹೆಂಡತಿ. “ಮನ್ಯಾಗಿನ ಹುಳಾ ಪುಕ್ಕಟೆ ಯಾಕ ಹುಡುಕ್ತೀರಿ?”

ಆದರೆ ಒಂದು ಹುಳ ನಾನು ಹುಡುಕದೆಯೇ ಬಂತು. ಆಕೆಯ ತವರು ಕಮಲಾಪುರ. ಊರಾಚೆ ಅವರದೊಂದು ಕೆಂಪುಬಾಳೆಯ ತೋಟವಿದೆ. ಕೆಲವು ವರ್ಷಗಳ ಹಿಂದೆ ಗೊನೆ ನೋಡಲು ಹೋದಾಗ, ಒಣಗಿದ ಬಾಳೆ ಎಲೆಯ ಮರೆಯಿಂದ ಕಣಜವೊಂದು ಬಂದು ಅವಳ ಕುತ್ತಿಗೆಗೆ ಕಡಿಯಿತು. ಚಿಕ್ಕಂದಿನಲ್ಲಿ ಎಷ್ಟೋ ಸಲ ಕಡಿಸಿಕೊಂಡು ಸುಣ್ಣ ಹಚ್ಚಿಕೊಂಡು ಆಟಕ್ಕೆ ಹೋದವಳು. ಆ ಸಲ ಮಾತ್ರ ಅಂಗೈ ತುರಿಸಿತು, ಮೈಯೆಲ್ಲ ದದ್ದು ಎದ್ದಿತು, ತುಟಿ ದಪ್ಪಗಾಗಿ ದನಿ ಗಂಡಸಿನದಾಯಿತು, ಕಣ್ಣು ಕತ್ತಲಿಟ್ಟು ಬದುವಿನ ಮೇಲೆ ಕುಸಿದಳು. ದವಾಖಾನೆಯಲ್ಲಿ ಸೂಜಿ ಕೊಟ್ಟು ಉಳಿಸಿದರು. ಹುಟ್ಟಿದ ಊರಿನ ಹುಳ ತನಗೆ ಹೀಗೆ ಮಾಡಬಾರದಿತ್ತು ಎಂಬುದೇ ಅವಳಿಗೆ ದೊಡ್ಡ ಸಂಕಟ. “ಗುರ್ತಿನ್ಯಾವರೇ ಹಿಂಗ ಮಾಡಿದ್ರ ಹೆಂಗ್ರಿ,” ಎಂದಳು.

ಕಲಬುರಗಿಯ ಡಾಕ್ಟರು ಎಲ್ಲ ಕೇಳಿ, “ಮುಂದಿನ ಸಲ ಇದಕ್ಕಿಂತ ಜೋರ್ ಆಗಬಹುದು, ಆಗದೆಯೂ ಇರಬಹುದು,” ಎಂದರು. ಚಿಂತೆಯನ್ನೇ ಕಸುಬು ಮಾಡಿಕೊಂಡವನ ಎದುರು ಆಡಬಾರದ ಮಾತು ಅದು. ಅಡ್ರಿನಲಿನ್ ಎಂಬ ಔಷಧ ಯಾವಾಗಲೂ ಕೈಗೆ ಸಿಗುವಂತಿರಬೇಕು, ಕಡಿದ ಕೂಡಲೇ ತೊಡೆಗೆ ಚುಚ್ಚಿ, ಆಮೇಲೆ ದವಾಖಾನೆಗೆ ಓಡಬೇಕು. ಅದಕ್ಕೆ ಎರಡು ದಾರಿ. ಒಂದು, ಕುತ್ತಿಗೆ ಮುರಿದು ಔಷಧ ಎಳೆದುಕೊಳ್ಳುವ ಗಾಜಿನ ಸಣ್ಣ ಆಂಪೂಲು ಮತ್ತು ಸಿರಿಂಜು. ಇನ್ನೊಂದು, ಹೊರದೇಶದಿಂದ ಬರುವ ಪೆನ್ನು. ಮುಚ್ಚಳ ತೆಗೆದು ತೊಡೆಗೆ ಒತ್ತಿದರೆ ಸೂಜಿ ತಾನೇ ಹೊರಬಂದು, ಬೇಕಾದಷ್ಟೇ ಔಷಧ ಇಳಿಸುತ್ತದೆ.

ಆಂಪೂಲಿಗೆ ಒಂದು ಪ್ಲೇಟು ಸುಸಲಾ-ಮಿರ್ಚಿಯಷ್ಟು ಬೆಲೆ. ಎಷ್ಟೋ ಮಂದಿ ಇದರಲ್ಲೇ ಸಾಗಿಸುತ್ತಾರೆ, ಕಲಿತರೆ ಸಾಕು ಎಂದು ಡಾಕ್ಟರು ಧೈರ್ಯ ಹೇಳಿ, ಎಷ್ಟು ಔಷಧವೆಂದು ಸಿರಿಂಜಿನ ಮೇಲೆ ಗೆರೆ ಹಾಕಿ, ನಮ್ಮಿಬ್ಬರನ್ನೂ ಕೂರಿಸಿ ಕಲಿಸಿದರು. ನೀರು ತುಂಬಿ ಮೋಸಂಬಿಗೆ ಚುಚ್ಚುವುದು ಅಭ್ಯಾಸ. ಹೆಂಡತಿ ಒಗ್ಗರಣೆ ಹಾಕಿದಷ್ಟು ಸಲೀಸಾಗಿ ಚುಚ್ಚಿ ಮೋಸಂಬಿಯನ್ನು ನನ್ನ ಮುಂದೆ ತಳ್ಳಿದಳು. ನಾನು ಆಂಪೂಲಿನ ಕುತ್ತಿಗೆ ಮುರಿಯುವಾಗ ಬೆರಳು ಕೊಯ್ದುಕೊಂಡೆ, ಗೆರೆ ದಾಟಿ ಎಳೆದೆ, ಮೋಸಂಬಿ ಉರುಳಿ ಮೇಜಿನ ಕೆಳಗೆ ಹೋಯಿತು.

“ನೀನೇ ಚುಚ್ಚಿಕೋಬಹುದಲ್ಲ,” ಎಂದೆ ಅವಳಿಗೆ.

“ಉಸುರು ಹೋಗೋ ಹೊತ್ತಿನ್ಯಾಗೂ ನಾನೇ ಮಾಡ್ಕೋಬೇಕಂದ್ರ, ನೀವು ಯಾತಕ್ಕ ಬೇಕು?”

ಡಾಕ್ಟರು ನನ್ನ ಕೈಯನ್ನೇ ನೋಡುತ್ತಿದ್ದರು. “ಆಂಪೂಲು ಇರಲಿ,” ಎಂದರು, “ನಿಮ್ಮ ಕೈ ನೋಡಿದರೆ ಒಂದು ಪೆನ್ನೂ ಇರೋದು ಒಳ್ಳೇದು.”

ಹೀಗೆ, ಕಡಿದದ್ದು ಕಣಜವಾದರೂ ಖರ್ಚಿಗೆ ಇಳಿಸಿದ್ದು ನನ್ನ ಕೈನಡುಕ. ಸೂಪರ್ ಮಾರ್ಕೆಟ್ ಪೇಟೆಯ ಔಷಧಿ ಅಂಗಡಿಯವರು ಬೆಲೆ ಹೇಳಿದಾಗ ಹನ್ನೆರಡು ಡಜನ್ನಿನ ಗ್ರೋಸು ಲೆಕ್ಕದ್ದಿರಬೇಕು ಎಂದುಕೊಂಡೆ.

“ಒಂದು ಪೆಟ್ಟಿಗಿಗ್ಯಾ?”

“ಒಂದ್ ಡಬ್ಬಿಗಿ ಸಾಹೇಬ್ರ. ಡಬ್ಬಿಯಾಗ ಎರಡು. ಮುಂಬೈಯಿಂದ ತರಸ್ಬೇಕು, ಅಡ್ವಾನ್ಸ್ ಇಲ್ಲಂದ್ರ ಫೋನ್ ಸುದ್ದಾ ಎತ್ತಂಗಿಲ್ಲ.”

ನನ್ನ ತಿಂಗಳ ಪಗಾರ ಪೂರ್ತಿ ಅವರ ಗಲ್ಲೆಗೆ ಸುರಿದರೆ ವಾಪಸು ಬರುವ ಆಟೋಕ್ಕೂ ಉಳಿಯುತ್ತಿರಲಿಲ್ಲ. ಅಷ್ಟು ಕೊಟ್ಟದ್ದು ವರ್ಷ ತುಂಬುವ ಹೊತ್ತಿಗೆ ಅವಧಿ ಮುಗಿದು ಕಸವಾಗುತ್ತದೆ. ಫ್ರಿಜ್ಜಿನಲ್ಲಿ ಇಡಬಾರದು, ಸೆಕೆಯಲ್ಲೂ ಇಡಬಾರದು. ಇವೆರಡರ ಆಚೆ ಕಲಬುರಗಿಯಲ್ಲಿ ಜಾಗ ಎಲ್ಲಿದೆ? ನೀರಿನ ಹರವಿಯ ಹಿಂದಿನ ಗೂಡೊಂದೇ ಸಿಕ್ಕಿತು. ಮಿಲ್ಲಿನಲ್ಲಿ ನಮಗೊಂದು ವಿಮೆ ಇದೆ. ಕೇಳಿದೆ. ದವಾಖಾನೆಯಲ್ಲಿ ಮಲಗಿದರೆ ಕೊಡುತ್ತಾರೆ, ಮಲಗದಂತೆ ನೋಡಿಕೊಳ್ಳಲು ಕೊಡುವುದಿಲ್ಲ.

ಮೊದಲ ಸಲ ದಾರಿ ತೋರಿಸಿದವರು ಆ ಅಂಗಡಿಯವರೇ. ಅವರ ಬೆನ್ನಹಿಂದಿನ ಗಲ್ಲಿಯಲ್ಲಿ ಹರಿದ ಬಟ್ಟೆಯ ಎಳೆಗಳನ್ನು ಕೂಡಿಸಿ ನೇಯುವ ರಫೂಗಾರರೊಬ್ಬರಿದ್ದಾರೆ. ಅವರ ಮಗಳು ಕಾಲೇಜಿಗೆ ಹೋಗುವವಳು, ಅವಳಿಗೆ ಶೇಂಗಾ ಆಗುವುದಿಲ್ಲ. ಚಟ್ನಿ, ಪಲ್ಯ, ಹೋಳಿಗೆ, ಎಲ್ಲದಕ್ಕೂ ಶೇಂಗಾ ಸುರಿಯುವ ಈ ಊರಲ್ಲಿ ಆ ಹುಡುಗಿ ಹೇಗೆ ಬೆಳೆದಳೋ ದೇವರೇ ಬಲ್ಲ. ಅವಳಿಗೂ ಅದೇ ಪೆನ್ನು, ಅಷ್ಟೇ ಔಷಧ ಎಂದು ಅವರ ಡಾಕ್ಟರೂ ಹೇಳಿದ್ದರು. ಒಬ್ಬರ ಬಳಿ ಎರಡಿದ್ದರೆ ವಾಸಿ. ಆದರೆ ಒಂದೂ ಇಲ್ಲದ್ದಕ್ಕಿಂತ ಒಂದು ವಾಸಿಯೆಂದು ಡಬ್ಬಿ ಒಡೆದು ಹಂಚಿಕೊಂಡೆವು. ಮೊದಲ ಭೇಟಿಯಲ್ಲೇ ಅವರು ಕೇಳಿದರು: “ನಿಮ್ಮ ಮನ್ಯಾಗ ಯಾರ್ದು ಸಾಬ್, ಶೇಂಗಾ?”

“ಅಲ್ರಿ, ಕಣಜ.”

“ನಿಮ್ದು ನಸೀಬ್ ಛಲೋ ಅದ. ಕಣಜದ್ ಚಟ್ನಿ ಯಾರೂ ಮಾಡಂಗಿಲ್ಲ.”

ನಮ್ಮ ಪಾಲಿನ ಹಣ ಬಂದದ್ದು ಹೆಂಡತಿಯ ಭಿಶಿಯಿಂದ. ಓಣಿಯ ಹೆಂಗಸರು ತಿಂಗಳಿಗಿಷ್ಟು ಎಂದು ಹಾಕಿ, ಪಾಳಿಯ ಪ್ರಕಾರ ಒಬ್ಬೊಬ್ಬರು ಗಂಟು ಎತ್ತುತ್ತಾರೆ. ಬೇರೆಯವರು ಬಳೆ, ಸೀರೆ, ಮಿಕ್ಸಿ ಎಂದು ಎತ್ತಿದರೆ ಇವಳು ಪೆನ್ನಿಗೆಂದು ಎತ್ತಿದಳು. “ನಿಮ್ಮನಿ ಪೆನ್ನು ನಮ್ಮ ಬಂಗಾರದ ಪಾಟ್ಲಿಗಿಂತ ತುಟ್ಟಿ ಬಿಡವ್ವ,” ಎಂದು ಅವರು ಆಡಿಕೊಂಡರು. “ಅದ್ರಿಂದ ಏನ್ ಬರೀತಿ?” ಎರಡು ದಸರೆ ಅವಳಿಗೆ ಹೊಸ ಸೀರೆ ಇಲ್ಲ. ಅವಧಿ ಮುಗಿದ ಪೆನ್ನನ್ನು ದವಾಖಾನೆಯ ಸೂಜಿ ಡಬ್ಬಿಗೆ ಹಾಕಿ ಬರುವ ದಿನ ನನಗೆ ಮುಖ ಹೇಗಿಟ್ಟುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಬಳಸಲಿಲ್ಲವೆಂದು ಖುಷಿಪಡಬೇಕು, ಆದರೆ ಹೊಟ್ಟೆಯೊಳಗೆ ಯಾರೋ ನೋಟು ಹರಿದ ಸದ್ದು.

ಈ ಸಲ ಪೆನ್ನು ತಡವಾಗಿ ಬಂದಿತ್ತು. ಹಾಗಾಗಿ ದಸರೆಯ ಆಚೆಗೂ ಅವಧಿ ಇತ್ತು. “ಈ ಸಲದ ಗಂಟು ಸೀರಿಗಿ,” ಎಂದಳು. “ಪೆನ್ನಿಗಿ ಸಂಕ್ರಾಂತಿ ಪಾಳಿ ಅದ.” ಸೂಪರ್ ಮಾರ್ಕೆಟ್ಟಿನ ಸೀರೆ ಅಂಗಡಿಯ ಅರ್ಧ ಕಪಾಟು ಇಳಿಸಿ, ಗಿಳಿಹಸಿರು ಮೈ, ಕೆಂಪು ಅಂಚಿನ ರೇಷ್ಮೆ ಸೀರೆ ತಂದಳು. ಅದನ್ನುಟ್ಟು ಮಹಾನವಮಿಗೆ ತವರಿಗೆ ಹೊರಟಳು. ನಾನು ಪೆನ್ನು, ಆಂಪೂಲು, ಸಿರಿಂಜುಗಳನ್ನು ಒದ್ದೆ ಬಟ್ಟೆಯ ಜೋಡಿ ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು, ಬಿಸಿಲಿಲ್ಲದ ಕಡೆಯ ಸೀಟು ಹುಡುಕುತ್ತ ಹಿಂದೆ ಹೊರಟೆ.

ಅವರ ಮನೆಯಲ್ಲಿ ಖಂಡೆ ಪೂಜೆ ಜೋರು. ದುಡಿಯುವ ಹತ್ಯಾರವೆಲ್ಲ ಅಂದು ದೇವರು. ಕುಡುಗೋಲು, ಕೊಡಲಿ, ಪಂಪಿನ ಪಾನಾ, ಈಳಿಗೆಮಣೆ, ಮೈದುನನ ಟೆಂಪೊದ ಕೀಲಿ, ಎಲ್ಲವನ್ನೂ ತೊಳೆದು, ಹಂದರದ ಕೆಳಗೆ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಅರಿಶಿಣದ ದಾರ ಕಟ್ಟುತ್ತಾರೆ. ಹೀಗೆ ಪೂಜೆಗೆ ಕೂತ ಹತ್ಯಾರವನ್ನು ಮರುದಿನ ಬನ್ನಿ ಮುಡಿಯುವವರೆಗೆ ಯಾರೂ ಎತ್ತುವಂತಿಲ್ಲ. ಅಂದು ಈರುಳ್ಳಿ ಹೆಚ್ಚಲೂ ಈ ಪೂಜೆ ಇಲ್ಲದ ಪಕ್ಕದ ಮನೆಯ ಈಳಿಗೆ. ನಾನು ಜಳಕ ಮುಗಿಸಿ ಬಂದು ನೋಡಿದರೆ ಕುಡುಗೋಲಿಗೂ ಪಾನಾಕ್ಕೂ ನಡುವೆ ನಮ್ಮ ಪೆನ್ನು ಕೂತಿತ್ತು. ಅದಕ್ಕೂ ಕುಂಕುಮ, ಮೇಲೆ ಒಂದು ಚೆಂಡುಹೂ, ಮುಚ್ಚಳದ ಸುತ್ತ ಮೂರೆಳೆಯ ದಾರ.

“ಅತ್ತೀ, ಅದು ಹತ್ಯಾರ ಅಲ್ರಿ, ಔಷಧ.”

“ಕುಡುಗೋಲು ಹೊಟ್ಟಿ ಕಾಯ್ತದ, ಇದು ಉಸುರು ಕಾಯ್ತದ,” ಎಂದರು ಅತ್ತೆ, ದೀಪದ ಬತ್ತಿ ತೀಡುತ್ತ. “ಹತ್ಯಾರ ಅಲ್ಲ ಅಂದ್ರ ಹೆಂಗ್ರಿ ಅಳ್ಯಾರ? ಅಷ್ಟ್ ತುಟ್ಟೀದು ಮನ್ಯಾಗ ಇಟ್ಕೊಂಡು ಒಂದ್ ಹೂ ಏರಿಸ್ಲಿಲ್ಲ ಅಂದ್ರ ಛಂದೇನು?”

ಹೆಂಡತಿಯ ಕಡೆ ನೋಡಿದೆ. ಪೆನ್ನು ಕೊಟ್ಟವಳು ಅವಳೇ. “ಇರ್ಲಿ ಬಿಡ್ರಿ. ಮಿಕ್ಸಿಗಿ ಮಾಡ್ತೀವಿ, ಇದಕ್ಕ ಮಾಡಿದ್ರ ಏನಾತು?”

ಆಂಪೂಲು ನನ್ನ ಚೀಲದಲ್ಲಿದೆಯಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆದರೂ ಹಂದರದ ಕಂಬಕ್ಕೊರಗಿ ಪೆನ್ನಿನ ಮೇಲೆ ಕಣ್ಣಿಟ್ಟು ಕೂತೆ. ದಾರ ಎರಡು ಗಂಟಿನದೋ ಮೂರು ಗಂಟಿನದೋ ತಿಳಿಯುತ್ತಿರಲಿಲ್ಲ. ಮೈದುನ ಹಾದುಹೋಗುವಾಗ ನಕ್ಕ: “ಮಾಮಾ ದೇವ್ರಿಗೇ ಕಾವಲಿ ಕುಂತಾರ.”

ಅವಳು ತೋಟಕ್ಕೆ ಹೋಗದಂತೆ ಆಣೆ ಹಾಕಿಸಿಕೊಂಡಿದ್ದೆ. ಹಬ್ಬವೋ, ತೋಟವನ್ನೇ ಮನೆಗೆ ತಂದಿತ್ತು. ಹಂದರದ ಕಂಬಕ್ಕೆ, ಟೆಂಪೊದ ಮೂತಿಗೆ ಕಟ್ಟಲು ಮೈದುನ ಬೆಳಿಗ್ಗೆ ಬಾಳೆಗಿಡ ಕಡಿದು ತಂದಿದ್ದ; ಅದರ ಒಣಗಿದ ಸಿಪ್ಪೆಯ ಒಳಗಿತ್ತು ಕಣಜ. ಊಟದ ನಂತರ ಅವಳು ಕಂಬದ ಪಕ್ಕ ಕೂತು ಹೂ ಪೋಣಿಸುತ್ತಿದ್ದಳು. “ಹಾ” ಎಂದು ಮೊಣಕೈ ಹಿಡಿದುಕೊಂಡಳು.

“ಏನಾಯ್ತು?”

“ಏನೂ ಆಗಿಲ್ಲ.”

ಅಷ್ಟು ಹೇಳಿ ಅಂಗೈಯನ್ನು ಸೀರೆಯ ಅಂಚಿಗೆ ಉಜ್ಜತೊಡಗಿದಳು. ಆ ಉಜ್ಜುವಿಕೆ ನನಗೆ ಗೊತ್ತಿತ್ತು. ಕೊರಳ ಮೇಲೆ ದದ್ದು ಏಳುವುದು ಕಣ್ಣೆದುರೇ ಕಂಡಿತು. ಚಾಪೆಯ ಮೇಲೆ ಮಲಗಿಸಿ ಕಾಲ ಕೆಳಗೆ ದಿಂಬು ಕೊಟ್ಟೆವು. ನಾನು ಪೆನ್ನಿನ ಕಡೆ ತಿರುಗಿದ್ದನ್ನು ನೋಡಿ ಅವಳು ನನ್ನ ಧೋತರದ ಚುಂಗು ಹಿಡಿದಳು. ದನಿ ಆಗಲೇ ಗೊಗ್ಗರಾಗಿತ್ತು.

“ಅದು ಬ್ಯಾಡ. ಆ ಸಣ್ಣ ಬಾಟ್ಲಿದು ಹಚ್ರಿ. ಪೆನ್ ಖರ್ಚ್ ಮಾಡಿದ್ರ… ಮತ್ತ ಎಲ್ಲಿಂದ ತರ್ತೀರಿ.”

ಉಸಿರು ಸಾಲದ ಹೊತ್ತಿನಲ್ಲಿ, ಇದ್ದ ಉಸಿರನ್ನೂ ಅವಳು ಉಳಿತಾಯಕ್ಕೇ ಬಳಸಿದಳು. ಇನ್ನೂ ಹೇಳಬೇಕೆಂದರೆ, ಆ ಮಾತು ನನಗೆ ಅಸಂಬದ್ಧವೆನಿಸಲಿಲ್ಲ. ನನ್ನ ಕೈ ಚೀಲದೊಳಗೆ ಹೋಗಿ ಆಂಪೂಲಿನ ಡಬ್ಬಿ ಮುಟ್ಟಿತ್ತು. ಅದು ಅಲ್ಲಿ ಗಲಗಲ ಅನ್ನುತ್ತಿತ್ತು, ಸದ್ದು ಡಬ್ಬಿಯದೋ ಕೈಯದೋ. ಸಂಕ್ರಾಂತಿಯ ಪಾಳಿ, ಮುಂಬೈಯ ಅಡ್ವಾನ್ಸು, ಪೂಜೆಗೆ ಕೂತ ಹತ್ಯಾರ, ಗಾಜಿನ ಕುತ್ತಿಗೆ, ಎಲ್ಲ ಒಟ್ಟಿಗೆ ತಲೆಯಲ್ಲಿ.

ಅತ್ತೆ ನನ್ನ ಕೈ ನೋಡಿದರು, ಮಗಳ ಮುಖ ನೋಡಿದರು. ಎದ್ದು ಹೋಗಿ ಹತ್ಯಾರಗಳ ಸಾಲಿಗೆ ಒಮ್ಮೆ ಕೈಮುಗಿದು, ಪೆನ್ನು ಎತ್ತಿಕೊಂಡರು. ದಾರ ಮೂರು ಗಂಟಿನದೇ ಆಗಿತ್ತು. ಉಗುರಿಗೆ ಸಿಗದಾಗ ಹಲ್ಲಿನಿಂದ ಕಡಿದು ಉಗುಳಿದರು.

“ಹಿಡೀರಿ. ಕುಂಕುಮ ಒರಸ್ಕೋತ ಕೂಡಬ್ಯಾಡ್ರಿ.”

“ಪೂಜಿದು…” ಎಂದೆ ನಾನು, ಆ ಹೊತ್ತಿನಲ್ಲೂ.

“ಪೂಜಿ ಮಾಡಿದ್ದು ಯಾತಕ್ಕ? ಹಚ್ರಿ.”

ಮುಚ್ಚಳ ತೆಗೆದು ತೊಡೆಯ ಹೊರಬದಿಗೆ ಒತ್ತಿದೆ. ಟಕ್ಕೆಂದಿತು. ಕೈ ನಡುಗುತ್ತಲೇ ಇತ್ತು. ನಡುಗುವ ಕೈಗೆಂದೇ ಮಾಡಿದ್ದಲ್ಲವೇ, ಅದು ತನ್ನ ಕೆಲಸ ಮಾಡಿತು. ಡಾಕ್ಟರು ಹೇಳಿಕೊಟ್ಟಂತೆ ಎಣಿಸಿ ಮುಗಿಯುವವರೆಗೆ ಒತ್ತಿ ಹಿಡಿದೆ.

ಮೈದುನ ಟೆಂಪೊದ ಮುಂದೆ ನಿಂತಿದ್ದ. ಅದೂ ಪೂಜೆಗೆ ಕೂತದ್ದೇ: ಎರಡೂ ಕಡೆ ಬಾಳೆಗಿಡ, ಗಾಜಿನ ತುಂಬ ಹೂಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು. ಕೀಲಿ ಹತ್ಯಾರಗಳ ಸಾಲಿನಲ್ಲಿತ್ತು. ಅವನು ತಾಯಿಯ ಕಡೆ ನೋಡಿದ. “ಒಂದು ಎತ್ತಿದ್ದಾಯ್ತು, ಇನ್ನ ಅದೇನು,” ಎಂದು ಅವರು ಕೀಲಿಯನ್ನೂ ಎತ್ತಿ ಎಸೆದರು. ಬಾಳೆಗಿಡ ಬಿಚ್ಚುವಷ್ಟು ಹೊತ್ತು ಇರಲಿಲ್ಲ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಓಡಿಸಿದ, ದಾರಿಯ ಜನ ಮೆರವಣಿಗೆಯೆಂದು ಬದಿಗೆ ಸರಿದರು. ನಾನು ಹಿಂದೆ, ಮಲಗಿದವಳ ಕಾಲು ಎತ್ತಿ ಹಿಡಿದು, ಬಾಳೆಗಿಡದಲ್ಲಿ ಇನ್ನೊಂದು ಕಣಜ ಇದೆಯೇ ಎಂದು ನೋಡುತ್ತ ಕೂತಿದ್ದೆ.

ದವಾಖಾನೆಯಲ್ಲಿ ಡಾಕ್ಟರು ಇದ್ದರು. ಬಾಗಿಲಲ್ಲಿ ಇಳಿಸುವ ಹೊತ್ತಿಗೆ ಅವಳ ದನಿ ಅವಳದಾಗುತ್ತಿತ್ತು. ಅವರು ನಾಡಿ, ಬಿಪಿ ನೋಡಿ, ಸಲೈನ್ ಹಚ್ಚಿ, ಕತ್ತಲಾಗುವವರೆಗೂ ಬಿಡದೆ ಮಲಗಿಸಿಕೊಂಡರು. “ಮೊದಲೇ ಸೂಜಿ ಕೊಟ್ಟಿದ್ದು ಛಲೋ ಆಯ್ತು,” ಎಂದು ನನ್ನ ಬೆನ್ನು ತಟ್ಟಿದಾಗ ನಾನು ಸಲೈನ್ ಬಾಟಲಿಯ ಅವಧಿ ಓದಿದೆ.

ಹೆಂಡತಿ ಕಣ್ಣು ಬಿಟ್ಟು, ತೊಡೆಯ ಮೇಲೆ ಕೈಯಾಡಿಸಿ ಕೇಳಿದಳು: “ಸೀರಿ ಮ್ಯಾಲಿಂದೇ ಚುಚ್ಚಿದ್ರೇನು?”

“ಬಟ್ಟಿ ಮ್ಯಾಲೆ ನಡೀತದ ಅಂದಿದ್ರಲ್ಲ ಡಾಕ್ಟರು.”

“ಬಟ್ಟಿ ಅಂದಿದ್ರು. ಹೊಸಾ ಸೀರಿ ಅಂದಿದ್ರೇನು?”

ಅತ್ತೆ ಮರುದಿನ ಬನ್ನಿ ಕೊಡುವಾಗ ಖಾಲಿ ಪೆನ್ನನ್ನು ಮತ್ತೆ ಸಾಲಿನಲ್ಲಿ ಇಟ್ಟಿದ್ದರು. ನಡುವೆ ಎದ್ದು ಹೋದದ್ದಕ್ಕೆ ತಪ್ಪಾಯಿತೆಂದೋ, ದುಡಿದು ಬಂತೆಂದೋ.

ಊರಿಗೆ ಬಂದ ಮೇಲೆ ಸೀರೆ ತೆಗೆದುಕೊಂಡು ಇಬ್ಬರೂ ರಫೂಗಾರರ ಬಳಿ ಹೋದೆವು. ಅವರು ಸೀರೆ ಬಿಡಿಸಿ ಬೆಳಕಿಗೆ ಹಿಡಿದರು. ಉಟ್ಟಾಗ ಪದರದ ಮೇಲೆ ಪದರ ಇದ್ದದ್ದರಿಂದ, ಒಂದು ಚುಚ್ಚಿಗೆ ಮೂರು ಕಡೆ ತೂತು. ತೂತಿನ ಅಂಚಿನಲ್ಲಿ ಕುಂಕುಮದ ಗುರುತು.

“ಮಳಿ ಹಿಡದದ್ದಲ್ಲ, ಇಲಿ ಕಡದದ್ದಲ್ಲ,” ಎಂದು ಬೆರಳಿನಿಂದ ಸವರಿ, ತಟ್ಟನೆ ನಮ್ಮ ಮುಖ ನೋಡಿದರು. “ಪೆನ್ನಾ?”

ತಲೆಯಾಡಿಸಿದೆ. ಅವರು ಸೀರೆ ಮಡಿಲಲ್ಲಿ ಇಳಿಸಿದರು. ಇಷ್ಟು ದಿನ ಡಬ್ಬಿ ಹಂಚಿಕೊಂಡರೂ ನಾವಿಬ್ಬರೂ ಒಮ್ಮೆಯೂ ಆಡದ ಪ್ರಶ್ನೆ ಈಗ ಬಂತು.

“ಸಚ್ ಬೋಲೋ ಸಾಬ್. ಕೆಲ್ಸಾ ಮಾಡ್ತದಾ?”

“ಮಾಡ್ತದ. ದವಾಖಾನಿ ಬಾಗಲಾ ಮುಟ್ಟೋದ್ರಾಗ ದನಿ ತಿರುಗಿ ಬಂತು.”

ಅವರು ಹೆಂಡತಿಯ ಕಡೆ ತಿರುಗಿದರು. “ಭಾಳ್ ನೋವಾತೇನ್ ಬೆಹೆನ್? ಮಗಳು ಕೇಳ್ತಾಳ. ನನಗ ಏನ್ ಹೇಳ್ಬೇಕು ಗೊತ್ತಾಗಲ್ಲ.”

“ಸೀರಿಗಿ ಆದಷ್ಟು ನನಗ ಆಗಲಿಲ್ಲಣ್ಣಾ. ಹೆದರಬ್ಯಾಡ ಅಂತ ಹೇಳ್ರಿ.”

ಅವರು ನಕ್ಕರು, ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ರಫೂ ಕೂಲಿ ಕೇಳಿದರೆ ಬೇಡವೆಂದು ಕೈಯಾಡಿಸಿದರು. ನಮ್ಮದು ಸಂಕ್ರಾಂತಿಯವರೆಗೆ ಕಾಯುವಂತಿಲ್ಲ, ಅವರದೂ ಅವಧಿ ಹತ್ತಿರ ಬಂತು. ಈಗಲೇ ಹೊಸ ಡಬ್ಬಿ ಹೇಳಿಬಿಡೋಣ ಎಂದರು. ಔಷಧಿ ಅಂಗಡಿಯವರು ಬೆಲೆ ಏರಿದೆ, ಮಾಲು ಯಾವಾಗ ಬರುವುದೋ ಹೇಳಲಾರೆ ಎಂದರು. ಭಿಶಿಯ ಹೆಂಗಸರಲ್ಲಿ ಒಬ್ಬಾಕೆ ತನ್ನ ಪಾಳಿ ಬಿಟ್ಟುಕೊಟ್ಟಿದ್ದಾಳೆ, ಪಾಟ್ಲಿಯ ಮಾತು ಈಗ ಯಾರೂ ಆಡುವುದಿಲ್ಲ. ಡಬ್ಬಿ ಮಾತ್ರ ಇದನ್ನು ಬರೆಯುವವರೆಗೂ ಬಂದಿಲ್ಲ. ಅಲ್ಲಿಯವರೆಗೆ ಆಂಪೂಲು ಮತ್ತು ನನ್ನ ಕೈ. ದಿನಾ ಬೆಳಿಗ್ಗೆ ಮಿಲ್ಲಿಗೆ ಹೋಗುವ ಮೊದಲು ಒಂದು ಮೋಸಂಬಿಗೆ ನೀರು ಚುಚ್ಚುತ್ತೇನೆ. ಈಗ ಹಣ್ಣು ಉರುಳುವುದಿಲ್ಲ, ಗೆರೆ ಮಾತ್ರ ಒಮ್ಮೊಮ್ಮೆ ತಪ್ಪುತ್ತದೆ. ಹೆಂಡತಿ ಅದನ್ನು ಸುಲಿದು ತಿನ್ನುತ್ತ, “ನಿನ್ನೀಕಿಂತ ಇವತ್ತು ನೀರು ಕಡಿಮಿ ಅದ,” ಎಂದು ವರದಿ ಕೊಡುತ್ತಾಳೆ.

ರಫೂ ಆಗಿ ಸೀರೆ ಬಂದ ದಿನ ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದಳು. ನಾನೂ ನೋಡಿದೆ. ತೊಗರಿಯಲ್ಲಿ ಹುಳದ ಮೊಟ್ಟೆ ಹುಡುಕುವ ಕಣ್ಣಿಗೆ ಏನೂ ಕಾಣಲಿಲ್ಲ.

“ಎರಡು ಛಂದ ಮುಚ್ಯಾರ,” ಎಂದಳು. “ಇದೊಂದು ತುಸು ದಪ್ಪ ಆಗ್ಯದ ನೋಡ್ರಿ.”

“ಎಲ್ಲಿ?”

ನನ್ನ ಬಲಗೈ ಹೆಬ್ಬೆರಳು ಹಿಡಿದು ಆ ಜಾಗದ ಮೇಲೆ ಒತ್ತಿದಳು. ಗಿಳಿಹಸಿರಿನ ನಡುವೆ, ಸಾಸಿವೆ ಕಾಳಿನಷ್ಟು ಒಂದು ಗಂಟು.

“ಇಲ್ಲಿ,” ಎಂದಳು. “ಇಷ್ಟೇ.”